ಸ್ಕ್ರೂ ಬಿಗಿ ಮಾಡಿದರೆ ಬ್ರೇಕ್ ಸರಿಹೋಯ್ತಾ?

ಪ್ರಶ್ನೆ: ದಿನಾ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತೇನೆ. ಈಚೆಗೆ ಹಿಂದಿನ ಬ್ರೇಕಿನ ಲಿವರ್ ಹ್ಯಾಂಡಲ್ ಮುಟ್ಟುವಷ್ಟು ಒಳಗೆ ಬರುತ್ತಿತ್ತು. ಲಿವರ್ ಬುಡದಲ್ಲಿರುವ ಸ್ಕ್ರೂ ತಿರುಗಿಸಿ ಬಿಗಿ ಮಾಡಿಕೊಂಡೆ, ಸರಿಹೋಯ್ತು. ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ, ಜೊತೆಗೆ ಕರಕರ ಸದ್ದು. ಪ್ಯಾಡ್ ಸವೆದಿದೆಯಾ ಅಂತ ಮನೆಯಲ್ಲೇ ನೋಡುವುದು ಹೇಗೆ? ಮಗಳ ಸೈಕಲ್ಲಿಗೆ ಡಿಸ್ಕ್ ಬ್ರೇಕ್ ಇದೆ. ಅದಕ್ಕೂ ಇದೇ ಲೆಕ್ಕವಾ?

ಉತ್ತರ: ನೀವು ಬಿಗಿ ಮಾಡಿದ್ದು ಕೇಬಲ್ಲನ್ನು. ಸವೆದಿರುವುದು ಬಹುಶಃ ಪ್ಯಾಡ್. ರಬ್ಬರ್ ತೆಳುವಾದಂತೆ ಅದಕ್ಕೂ ರಿಮ್ಮಿಗೂ ನಡುವಿನ ಜಾಗ ಜಾಸ್ತಿಯಾಗುತ್ತದೆ. ಸ್ಕ್ರೂ ತಿರುಗಿಸಿದರೆ ಆ ಜಾಗ ಕಡಿಮೆಯಾಗುತ್ತದೆ, ಅಷ್ಟೇ. ಸವೆದ ರಬ್ಬರೇನೂ ವಾಪಸ್ ಬರುವುದಿಲ್ಲವಲ್ಲ! ಹೊಸ ಕೇಬಲ್ ಹಾಕಿದ ಮೊದಮೊದಲು ಸ್ವಲ್ಪ ಸಡಿಲವಾಗುವುದು ಸಹಜ. ಆದರೆ ಹಳೆ ಕೇಬಲ್ಲನ್ನು ಪದೇ ಪದೇ ಬಿಗಿ ಮಾಡಬೇಕಾಗಿ ಬಂದರೆ ಬಗ್ಗಿ ಪ್ಯಾಡ್ ನೋಡಲೇಬೇಕು.

ನೋಡುವುದು ಸುಲಭ. ರಿಮ್ಮಿಗೆ ತಾಗುವ ಮುಖದ ಮೇಲೆ ಅಡ್ಡಕ್ಕೆ ಕೊರೆದ ಸಂದುಗಳಿರುತ್ತವೆ. ಅವು ಸವೆತದ ಗುರುತೂ ಹೌದು. ಉಗುರು ಸಿಕ್ಕುವಷ್ಟು ಆಳವಿದ್ದರೆ ಚಿಂತೆಯಿಲ್ಲ. ಸಂದು ಅಳಿಸಿ ಮುಖ ನುಣ್ಣಗಾಗಿದ್ದರೆ ಬದಲಿಸಿ. ಕೆಲವು ಪ್ಯಾಡುಗಳಿಗೆ ಪಕ್ಕದಲ್ಲಿ ಒಂದು ಗೆರೆ ಹಾಕಿರುತ್ತಾರೆ, ಆ ಗೆರೆಯ ಆಚೆಗೆ ಬಳಸಬಾರದು ಅಂತ ಅರ್ಥ. ಸಂದೂ ಇಲ್ಲ, ಗೆರೆಯೂ ಇಲ್ಲ ಅಂದರೆ, ಒಳಗಿನ ಲೋಹದ ಮೇಲೆ 3 ಮಿ.ಮೀ. ರಬ್ಬರ್ ಉಳಿದಾಗಲೇ ಬದಲಿಸುವುದು ನನ್ನ ರೂಢಿ.

ಇನ್ನು ಆ ಕರಕರ. ಅದಕ್ಕೆ ಎರಡು ಕಾರಣ ಇರಬಹುದು. ಒಂದು ಸಣ್ಣದು: ರಿಮ್ಮಿನಿಂದ ಎದ್ದ ಅಲ್ಯೂಮಿನಿಯಂ ಚೂರೋ ಮರಳೋ ರಬ್ಬರಿನಲ್ಲಿ ಕಚ್ಚಿಕೊಂಡಿರುತ್ತದೆ. ಪ್ಯಾಡ್ ಬಿಚ್ಚಿ ಬೆಳಕಿಗೆ ಹಿಡಿದರೆ ಮಿಣಮಿಣ ಅನ್ನುತ್ತದೆ. ಸೂಜಿಯಿಂದ ಕಿತ್ತು ತೆಗೆದು, ಮುಖವನ್ನು ಉಪ್ಪು ಕಾಗದದಲ್ಲಿ ಹಗುರಾಗಿ ಉಜ್ಜಿ. ಇನ್ನೊಂದು ದೊಡ್ಡದು: ರಬ್ಬರ್ ಪೂರ್ತಿ ಮುಗಿದು ಲೋಹವೇ ರಿಮ್ಮನ್ನು ಉಜ್ಜುತ್ತಿರುತ್ತದೆ. ಒಂದು ಮಳೆಗಾಲದಲ್ಲಿ ನಾನೂ ಕೆಸರಿನ ಸದ್ದು ಇರಬೇಕು ಅಂತ ಸುಮ್ನೆ ಓಡಿಸಿದ್ದೆ. ಎರಡನೇ ದಿನ ಚಕ್ರ ಒರೆಸುವಾಗ ಬಟ್ಟೆಯ ನೂಲು ಸಿಕ್ಕಿಕೊಂಡಿತು. ರಿಮ್ಮಿನ ಸುತ್ತ ಗ್ರಾಮಫೋನ್ ತಟ್ಟೆಯಂತೆ ಗೀರು! ಪ್ಯಾಡ್ ಉಳಿಸಲು ಹೋಗಿ ರಿಮ್ ಕಳೆದುಕೊಂಡೆ. ಹಾಗಾಗಿ ಈ ಪತ್ರ ಓದಿ ಮುಗಿಸಿದ ಮೇಲೆ ಪ್ಯಾಡ್ ನೋಡುವವರೆಗೆ ಸೈಕಲ್ ಹತ್ತಬೇಡಿ.

ಎರಡೂ ಬದಿಯ ಪ್ಯಾಡ್ ನೋಡಿ. ಒಂದು ಮಾತ್ರ ಸವೆದಿದ್ದರೆ ಬ್ರೇಕ್ ಒಂದು ಕಡೆಗೆ ವಾಲಿದೆ ಅಂತ. ಕೆಳಗಂಚಿನಲ್ಲಿ ತುಟಿಯಂತೆ ರಬ್ಬರ್ ಉಳಿದಿದ್ದರೆ ಪ್ಯಾಡ್ ತಗ್ಗಿನಲ್ಲಿ ಕೂತಿದೆ. ತೀರಾ ಮೇಲೆ ಕೂತಿದ್ದರೆ ಇನ್ನೂ ಕೆಟ್ಟದ್ದು, ಟೈರನ್ನೇ ಕೊರೆಯುತ್ತದೆ. ಹಾಗೇ ರಿಮ್ಮಿನ ಮೇಲೂ ಕಣ್ಣಾಡಿಸಿ. ಅನೇಕ ರಿಮ್ಮುಗಳಲ್ಲಿ ಸಣ್ಣ ಕುಳಿ ಅಥವಾ ಗೆರೆಯ ಗುರುತು ಇರುತ್ತದೆ, ಅದು ಮಾಯವಾಗಿದ್ದರೆ ರಿಮ್ಮೂ ಮುಗಿದಂತೆ.

ಮಗಳ ಸೈಕಲ್ಲಿನ ಲೆಕ್ಕ ಬೇರೆ. ಆಯಿಲಿನಿಂದ ನಡೆಯುವ ಡಿಸ್ಕ್ ಬ್ರೇಕಾದರೆ, ಪ್ಯಾಡ್ ಸವೆದಷ್ಟೂ ಅದನ್ನು ತಳ್ಳುವ ಪಿಸ್ಟನ್ ತಾನೇ ಮುಂದೆ ಬಂದು ಕೂರುತ್ತದೆ. ಲಿವರ್ ಮೊದಲಿನ ಹಾಗೇ ಗಟ್ಟಿ ಇರುತ್ತದೆ. ನಿಮಗೆ ಲಿವರ್ ಕೊಟ್ಟ ಸುಳಿವು ಅವಳಿಗೆ ಸಿಗುವುದೇ ಇಲ್ಲ! ಕೇಬಲ್ಲಿನ ಡಿಸ್ಕ್ ಆದರೆ ಲಿವರ್ ಸಡಿಲವಾಗುತ್ತದೆ, ಆದರೂ ಕಣ್ಣಲ್ಲಿ ನೋಡುವುದೇ ಸರಿ. ಕ್ಯಾಲಿಪರ್, ಅಂದರೆ ಪ್ಯಾಡುಗಳು ಕೂತಿರುವ ಭಾಗದ ಹಿಂದೆ ಒಂದು ಬಿಳಿ ಹಾಳೆ ಹಿಡಿದು, ಮುಂದಿನಿಂದ ಟಾರ್ಚ್ ಬಿಡಿ. ಡಿಸ್ಕಿನ ಎರಡೂ ಕಡೆ ಪ್ಯಾಡಿನ ಪದರ, ಅದರ ಬೆನ್ನಿಗೆ ಲೋಹದ ತಗಡು ಕಾಣುತ್ತದೆ. ಪದರ ಮತ್ತು ತಗಡನ್ನು ಒಂದೇ ಅಂದುಕೊಂಡು ಮೋಸ ಹೋಗುವವರೇ ಜಾಸ್ತಿ. ಶಿಮಾನೋ ಕಂಪನಿಯ ಪ್ಯಾಡಿಗೆ ಪದರ 0.5 ಮಿ.ಮೀ.ಗೆ ಬಂದರೆ ಕೊನೆ. ಸ್ರಾಮ್ ಕಂಪನಿಯವರ ಲೆಕ್ಕದಲ್ಲಿ ತಗಡೂ ಸೇರಿ 3 ಮಿ.ಮೀ.ಗಿಂತ ಕಡಿಮೆ ಆಗಬಾರದು. ನಾನಂತೂ ಪದರ 1 ಮಿ.ಮೀ. ಆದಾಗಲೇ ಬದಲಿಸುತ್ತೇನೆ.

ಸರಿಯಾಗಿ ಕಾಣದಿದ್ದರೆ ಚಕ್ರ ಬಿಚ್ಚಿ ನೋಡಿ. ಆಗ ಮಾತ್ರ ಲಿವರ್ ಅದುಮಬೇಡಿ, ಪಿಸ್ಟನ್ ಹೊರಗೆ ಬಂದುಬಿಡುತ್ತದೆ. ಮಕ್ಕಳಿಗೆ ಅದನ್ನು ಒತ್ತುವುದೇ ಆಟ, ಅಲ್ವಾ? ಪ್ಯಾಡಿನ ಮುಖವನ್ನೂ ಡಿಸ್ಕನ್ನೂ ಬೆರಳಲ್ಲಿ ಮುಟ್ಟಬೇಡಿ. ಕೈಯ ಎಣ್ಣೆ ತಾಗಿದರೂ ಹಿಡಿತ ಕಡಿಮೆಯಾಗುತ್ತದೆ. ಈಗಷ್ಟೇ ಓಡಿಸಿ ನಿಲ್ಲಿಸಿದ್ದರೆ ಡಿಸ್ಕ್ ಕೈ ಸುಡುವಷ್ಟು ಬಿಸಿ ಇರಬಹುದು.

ನಿಮ್ಮ ಸೈಕಲ್ಲಿಗೆ ಬಂದರೆ, ಹಿಂದಿನ ಚಕ್ರದ ಎರಡೂ ಪ್ಯಾಡನ್ನು ಒಟ್ಟಿಗೇ ಬದಲಿಸಿ. ಹೋಲ್ಡರಿನಿಂದ ರಬ್ಬರ್ ಮಾತ್ರ ಎಳೆದು ತೆಗೆಯುವ ಥರದ್ದಾದರೆ, ಹೋಲ್ಡರಿನ ಮುಚ್ಚಿದ ತುದಿ ಮುಂದಕ್ಕೇ ಇರಬೇಕು. ಉಲ್ಟಾ ಹಾಕಿದರೆ ಬ್ರೇಕ್ ಹಿಡಿದಾಗ ರಬ್ಬರ್ ಜಾರಿ ಬೀಳಬಹುದು. ಇಷ್ಟಕ್ಕೂ ಮೊದಲು, ನೀವು ತಿರುಗಿಸಿದಿರಲ್ಲ, ಆ ಸ್ಕ್ರೂವನ್ನು ಪೂರ್ತಿ ಒಳಗೆ ತಿರುಗಿಸಿಡಿ. ಇಲ್ಲದಿದ್ದರೆ ದಪ್ಪ ಹೊಸ ರಬ್ಬರ್ ಚಕ್ರವನ್ನು ತಿರುಗಲಿಕ್ಕೇ ಬಿಡುವುದಿಲ್ಲ.