ಮೊದಲು ಋಣ ತೋರಿಸಿ

ಪ್ರೀತಿಯ ಕತೆಗಾರರೇ,

ನಿಮ್ಮ ‘ಹಿಂದಿನ ಸೀಟು’ ಕತೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಗೆಳೆಯ ಬೈಕ್ ಓಡಿಸುತ್ತಿದ್ದಾನೆ, ನಿಮ್ಮ ನಾಯಕ ಹಿಂದೆ ಕೂತಿದ್ದಾನೆ. ರಾತ್ರಿ ಒಬ್ಬ ಅಜ್ಜನಿಗೆ ಗುದ್ದಿ, ನಿಲ್ಲಿಸದೆ ಹೋಗಿಬಿಡುತ್ತಾರೆ. ಹತ್ತು ದಿನದ ನಂತರ ನಾಯಕ ಪೊಲೀಸರಿಗೆ ನಿಜ ಹೇಳುತ್ತಾನೆ. ಒಳ್ಳೆಯ ವಸ್ತು. ಆದರೆ ಎರಡನೇ ಪುಟಕ್ಕೇ ನೀವು ಆ ಗೆಳೆಯನನ್ನು ಕುಡುಕ, ಸುಳ್ಳುಗಾರ, ಅಪ್ಪನ ದುಡ್ಡು ಉಡಾಯಿಸುವವನು ಎಂದೆಲ್ಲ ಮಾಡಿಬಿಟ್ಟಿದ್ದೀರಿ. ಇಂಥವನನ್ನು ಹಿಡಿದುಕೊಡೋಕೆ ಯಾರಿಗೆ ಕಷ್ಟ?

ಕರ್ಣನನ್ನು ನೆನಪಿಸಿಕೊಳ್ಳಿ. ಯುದ್ಧಕ್ಕೆ ಮುಂಚೆ ಕೃಷ್ಣ ಬಂದು, ನೀನು ಕುಂತಿಯ ಮಗ, ಪಾಂಡವರ ಕಡೆ ಬಾ, ರಾಜ್ಯ ನಿನ್ನದೇ ಅನ್ನುತ್ತಾನೆ. ದುರ್ಯೋಧನ ಗೆಲ್ಲುವುದಿಲ್ಲ ಅಂತ ಗೊತ್ತಿದ್ದೂ ಕರ್ಣ ಒಪ್ಪುವುದಿಲ್ಲ. ಅವನು ಮಾಡಿದ್ದು ಸರಿ ಅಂತ ನಾನು ಹೇಳಲಾರೆ. ಆದರೂ ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಯಾಕೆ? ತುಂಬಿದ ಜನರ ನಡುವೆ ಕುಲ ಕೇಳಿ ಅವನ ತಲೆ ತಗ್ಗಿಸಿದಾಗ, ಅಲ್ಲೇ ಅಂಗರಾಜ್ಯದ ಪಟ್ಟ ಕಟ್ಟಿದವನು ಇದೇ ದುರ್ಯೋಧನ. ಅದನ್ನು ನಾವು ಮೊದಲೇ ನೋಡಿರುತ್ತೇವೆ.

ನಿಮ್ಮ ಕತೆಯಲ್ಲೂ ಅಂಥ ಋಣ ಇದೆ. ಕೊನೆಯ ಪುಟದ ಹತ್ತಿರ ಒಂದೇ ಸಾಲಿನಲ್ಲಿ ಅಡಗಿ ಕೂತಿದೆ: ನಾಯಕನ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಈ ಗೆಳೆಯ ಮೂರು ರಾತ್ರಿ ವರಾಂಡದಲ್ಲಿ ಪೇಪರ್ ಹಾಸಿಕೊಂಡು ಮಲಗಿದ್ದ. ಇಡೀ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಾಲು. ಅದನ್ನು ಶುರುವಿಗೆ ತನ್ನಿ. ಕುಡಿತ ಗಿಡಿತ ಎಲ್ಲ ತೆಗೆದುಹಾಕಿ. ಹುಡುಗ ಹೆದರಿ ಓಡಿದ, ಅಷ್ಟೇ ಸಾಕು.

ಇನ್ನು ‘ಹತ್ತು ದಿನ ಕಳೆದವು’ ಎಂಬ ಮೂರು ಪದ. ಕತೆ ಇರುವುದೇ ಅಲ್ಲಿ! ಗೆಳೆಯ ಫೋನ್ ಮಾಡಿದಾಗ ಇಬ್ಬರೂ ಏನು ಮಾತಾಡಿದರು? ಒಡೆದ ಕನ್ನಡಿ ಹಾಕಿಸಲು ಬೈಕನ್ನು ಯಾರು ತಗೊಂಡು ಹೋದರು? ಅಜ್ಜ ಬದುಕಿದ್ದಾನಾ ಅಂತ ಇವನು ಹೋಗಿ ನೋಡಿದನಾ? (ಆ ಅಜ್ಜನಿಗೆ ನೀವು ಒಂದು ಹೆಸರೂ ಕೊಟ್ಟಿಲ್ಲ. ನನಗೆ ನಿಜಕ್ಕೂ ಬೇಜಾರಾಯಿತು.) ನಾನೂ ಒಮ್ಮೆ ಗೆಳೆಯನ ತಪ್ಪೊಂದನ್ನು ಮುಚ್ಚಿಟ್ಟು ಸುಮ್ನೆ ಇದ್ದವನು. ಒಂದು ಸಲ ಮುಚ್ಚಿಟ್ಟರೆ ಮುಗಿಯುವುದಿಲ್ಲ. ದಿನಾ ಬೆಳಗ್ಗೆ ಎದ್ದು ಮತ್ತೆ ಮುಚ್ಚಿಡಬೇಕು. ಊಟಕ್ಕೆ ಕೂತಾಗ ಮನೆಯವರು ಸಹಜವಾಗಿ ಏನೋ ಕೇಳಿದರೂ ತುತ್ತು ಗಂಟಲಲ್ಲಿ ನಿಲ್ಲುತ್ತದೆ. ಅದನ್ನು ಬರೆಯಿರಿ, ಜಾಸ್ತಿಯಾದರೂ ಪರವಾಗಿಲ್ಲ.

ಕೊನೆಯಲ್ಲಿ ಗೆಳೆಯ ಬಂದು ಅಪ್ಪಿಕೊಂಡು ‘ನೀನು ಮಾಡಿದ್ದೇ ಸರಿ ಕಣೋ’ ಅನ್ನುವುದು ಖಂಡಿತ ಬೇಡ. ನಾಯಕ ಸ್ಟೇಷನ್ನಿಂದ ಹೊರಗೆ ಬರುವಲ್ಲಿಗೆ ನಿಲ್ಲಿಸಿ. ಅವನು ಮನೆಗೆ ಹೇಗೆ ಹೋಗುತ್ತಾನೆ, ಅದನ್ನಷ್ಟೇ ಬರೆಯಿರಿ. ಇಷ್ಟು ವರ್ಷ ಅವನನ್ನು ಕೂರಿಸಿಕೊಂಡು ಹೋಗುತ್ತಿದ್ದದ್ದು ಆ ಬೈಕೇ ಅಲ್ವಾ?

ತಿದ್ದಿ ಕಳಿಸಿ. ಕಾಯುತ್ತಿರುತ್ತೇನೆ.

ಸಂಪಾದಕ