ಪ್ರತಿಕ್ರಿಯೆ: ಹಳೆಯ ಕ್ರಿಯಾಟಿನಿನ್ ವರದಿ ಇಲ್ಲದ ರೋಗಿಗಳ ಬಗ್ಗೆ

ಮಾನ್ಯರೇ, ಕಾಸರಗೋಡಿನ ಕೋವಿಡ್ ಒಳರೋಗಿಗಳಲ್ಲಿ ಮೂತ್ರಪಿಂಡದ ಹಾನಿಯನ್ನು ಅಧ್ಯಯನ ಮಾಡುವಾಗ, ಮೊದಲಿನ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕಬೇಕಾದ, ರಕ್ತದಲ್ಲಿನ ತ್ಯಾಜ್ಯ) ವರದಿ ಇಲ್ಲದವರನ್ನು ಕೈಬಿಡಬಹುದೇ ಎಂದು ಕೇಳಿದ್ದೀರಿ. ಕೈಬಿಡಬೇಡಿ. ಹಾಗೆ ಮಾಡಿದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗಾಗಿ ಮೊದಲೇ ಪರೀಕ್ಷೆ ಮಾಡಿಸಿಕೊಂಡಿದ್ದವರೇ ಹೆಚ್ಚಾಗಿ ಉಳಿದು, ಹಾನಿಯ ಪ್ರಮಾಣ ಇರುವುದಕ್ಕಿಂತ ದೊಡ್ಡದಾಗಿ ಕಂಡೀತು.

ಮೂತ್ರಪಿಂಡ ರೋಗಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಸಂಸ್ಥೆಯಾದ ಕೆಡಿಗೊದ 2012ರ ಮಾನದಂಡದಂತೆ, 48 ಗಂಟೆಗಳೊಳಗೆ ಕ್ರಿಯಾಟಿನಿನ್ ಡೆಸಿಲೀಟರಿಗೆ 0.3 ಮಿಲಿಗ್ರಾಂ ಏರಿದರೆ ಅಥವಾ 7 ದಿನಗಳಲ್ಲಿ ಮೂಲಮಟ್ಟದ (ಕಾಯಿಲೆಗೆ ಮೊದಲಿನ ಮಟ್ಟದ) ಒಂದೂವರೆ ಪಟ್ಟಾದರೆ ಅದು ತೀವ್ರ, ಅಂದರೆ ಹಠಾತ್ತಾಗಿ ಆದ, ಹಾನಿ. ಮೊದಲನೆಯದಕ್ಕೆ ಹಳೆಯ ವರದಿಯ ಅಗತ್ಯವೇ ಇಲ್ಲ. ಎರಡನೆಯದಕ್ಕೆ ಆಸ್ಪತ್ರೆಯಲ್ಲಿದ್ದಾಗಿನ ಅತಿ ಕಡಿಮೆ ಅಂಕಿಯನ್ನು ಮೂಲಮಟ್ಟವೆಂದು ಹಿಡಿಯಬಹುದಾದರೂ, ಚೇತರಿಸಿಕೊಳ್ಳದೆ ತೀರಿಕೊಂಡವರಲ್ಲಿ ಆ ಅಂಕಿಯೇ ಏರಿದ್ದಾಗಿರಬಹುದಾದ್ದರಿಂದ ಅವರನ್ನು ಪ್ರತ್ಯೇಕವಾಗಿ ತೋರಿಸಿ.

ಇದಕ್ಕೆಲ್ಲ ಮೊದಲು ಮನೆಯವರ ಬಳಿ ಹಳೆಯ ಫೈಲು ಕೇಳಿ. ನಮ್ಮ ಕಡೆಯ ಅನೇಕರ ಚಿಕಿತ್ಸೆ ಮಂಗಳೂರಿನಲ್ಲಿ ನಡೆದಿರುವುದರಿಂದ, ಎಕ್ಸ್‌ರೇ ಕವರಿನೊಳಗೆ ಮಡಚಿಟ್ಟ ಅಲ್ಲಿನ ಲ್ಯಾಬಿನ ಚೀಟಿಯಲ್ಲಿ ನಿಮಗೆ ಬೇಕಾದ ಅಂಕಿ ಸಿಕ್ಕೀತು. 2020ರಲ್ಲಿ ಕಾಸರಗೋಡು–ಮಂಗಳೂರು ದಾರಿಯ ತಲಪಾಡಿ ಗಡಿ ಮುಚ್ಚಿದ್ದ ದಿನಗಳ ರೋಗಿಗಳನ್ನೂ ಬೇರೆಯಾಗಿ ಗುರುತಿಸಿಕೊಳ್ಳಿ. ಚಿಕಿತ್ಸೆ ತಡವಾದದ್ದೂ ಹಾನಿಗೆ ಕಾರಣವಾಗಿರಬಹುದು. ಇನ್ನು ಮೂತ್ರದ ಪ್ರೋಟೀನ್: ಅದು ಮೂತ್ರಪಿಂಡದ ಹಾನಿಯ ಸೂಚನೆಯಾದರೂ, ಬರಿಯ ಜ್ವರದಿಂದಲೂ ಅದು ಕಾಣಿಸಿಕೊಳ್ಳುವುದರಿಂದ, ಜ್ವರ ಇಳಿದ ಮೇಲೆ ಇನ್ನೊಮ್ಮೆ ನೋಡದೆ ಲೆಕ್ಕಕ್ಕೆ ಸೇರಿಸಬೇಡಿ.