ಪೆಪ್ಟೈಡ್ ಪೈಪೋಟಿಯಲ್ಲಿ ಲೆಕ್ಕ ತಪ್ಪುವುದೆಲ್ಲಿ? – ಪ್ರಯೋಗಶಾಲೆ ಪ್ರಶ್ನೋತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಎಂಡಿಎಂ2 ಪ್ರೋಟೀನ್ ಮತ್ತು ಪಿ53 ಪೆಪ್ಟೈಡ್‌ನ ಪೈಪೋಟಿ ಪ್ರಯೋಗದ ಬಗ್ಗೆ. ಕ್ಯಾನ್ಸರ್ ತಡೆಯುವ ಪಿ53 ಪ್ರೋಟೀನನ್ನು ಎಂಡಿಎಂ2 ಹಿಡಿದು ಅಡಗಿಸುತ್ತದೆ. ಪಿ53ರ 15ರಿಂದ 29ರವರೆಗಿನ ಅಮೈನೊ ಆಮ್ಲಗಳ ತುಣುಕು, ಅಂದರೆ ನಮ್ಮ ಪೆಪ್ಟೈಡ್, ತನ್ನ ಫಿನೈಲ್‌ಅಲನೀನ್ 19, ಟ್ರಿಪ್ಟೊಫ್ಯಾನ್ 23, ಲ್ಯೂಸಿನ್ 26 – ಈ ಮೂರನ್ನು ಎಂಡಿಎಂ2ರ ಕುಳಿಯೊಳಗೆ ಊರಿ ಕೂರುತ್ತದೆ. ಫ್ಲೋರೆಸೀನ್ ಅಂಟಿಸಿದ ಪೆಪ್ಟೈಡ್, ಅಂದರೆ ಟ್ರೇಸರ್, ಒಂಟಿಯಾಗಿದ್ದಾಗ ಚುರುಕಾಗಿ ಹೊರಳುತ್ತದೆ, ಆಗ ಬೆಳಕಿನ ಧ್ರುವೀಕರಣ ಕಡಿಮೆ. ಪ್ರೋಟೀನಿಗೆ ಕೂತರೆ ಹೊರಳಾಟ ನಿಧಾನವಾಗಿ ಧ್ರುವೀಕರಣ ಏರುತ್ತದೆ. ಬಣ್ಣವಿಲ್ಲದ ಪೆಪ್ಟೈಡ್ ಬಂದು ಟ್ರೇಸರನ್ನು ಎಬ್ಬಿಸಿದಷ್ಟೂ ರೀಡಿಂಗ್ ಇಳಿಯುತ್ತದೆ. ಅಳೆಯುವುದು ಈ ಇಳಿತವನ್ನೇ. ಈ ವಿಧಾನದ ಹೆಸರು ಫ್ಲೋರೆಸೆನ್ಸ್ ಪೋಲರೈಸೇಶನ್ (ಎಫ್‌ಪಿ). ಕೂತ ಟ್ರೇಸರನ್ನು ಅರ್ಧಕ್ಕೆ ಇಳಿಸಲು ಬೇಕಾದ ಪೆಪ್ಟೈಡ್ ಪ್ರಮಾಣವೇ ಐಸಿ50.

ಪ್ರಶ್ನೆ: ವೈಯಲ್ ಮೇಲೆ 1 ಮಿಲಿಗ್ರಾಂ ಎಂದು ಬರೆದಿದೆ. ಅದನ್ನೇ ನಂಬಿ ಸ್ಟಾಕ್ ದ್ರಾವಣ ಮಾಡಿದೆವು. ಮುಂದಿನ ಬ್ಯಾಚ್ ಬಂದಾಗ ಅದೇ ಪೆಪ್ಟೈಡ್‌ನ ಐಸಿ50 ಬೇರೆಯೇ ಬಂತು. ಯಾಕೆ? (ಸಂಶೋಧನಾ ವಿದ್ಯಾರ್ಥಿನಿ, ಮಂಗಳೂರು)

ಉತ್ತರ: ಆ 1 ಮಿಲಿಗ್ರಾಂ ಪೂರ್ತಿ ಪೆಪ್ಟೈಡ್ ಅಲ್ಲ. ಶುದ್ಧೀಕರಣದಲ್ಲಿ ಅಂಟಿಕೊಂಡ ಟ್ರೈಫ್ಲೋರೊಅಸಿಟಿಕ್ ಆಮ್ಲದ ಲವಣ ಮತ್ತು ನೀರು ಕೂಡ ಆ ತೂಕದಲ್ಲಿ ಸೇರಿವೆ. ‘ಶುದ್ಧತೆ 95%’ ಅಂದರೆ ಪೆಪ್ಟೈಡ್‌ನಂಥ ಪದಾರ್ಥಗಳ ನಡುವೆ ನಿಮಗೆ ಬೇಕಾದದ್ದರ ಪಾಲು ಅಷ್ಟೆ. ಪುಡಿಯಲ್ಲಿ ನಿಜವಾದ ಪೆಪ್ಟೈಡ್ ಎಷ್ಟು ಎನ್ನುವುದು ಬೇರೆ ಸಂಖ್ಯೆ, ಅದು ಬ್ಯಾಚಿನಿಂದ ಬ್ಯಾಚಿಗೆ ಬದಲಾಗುತ್ತದೆ.

ನಿಮ್ಮ ತುಣುಕಿನಲ್ಲಿ ಒಂದು ಟ್ರಿಪ್ಟೊಫ್ಯಾನ್ ಇರುವುದು ಅದೃಷ್ಟ, ಅದು ಹೀರುವ ಬೆಳಕಿನಿಂದಲೇ ಪೆಪ್ಟೈಡ್ ಎಷ್ಟಿದೆ ಎಂದು ಅಳೆಯಬಹುದು. ಅಣುತೂಕ ಸುಮಾರು 1807. 1 ಮಿಲಿಗ್ರಾಂ ಅನ್ನು 100 ಮೈಕ್ರೊಲೀಟರ್ ಡಿಎಂಎಸ್‌ಒ ದ್ರಾವಕದಲ್ಲಿ ಕರಗಿಸಿದರೆ ಕಾಗದದ ಲೆಕ್ಕಕ್ಕೆ 5.5 ಮಿಲಿಮೋಲಾರ್. ಅದನ್ನು ಬಫರಿನಲ್ಲಿ 50 ಪಟ್ಟು ತೆಳುಮಾಡಿ, ಅಷ್ಟೇ ಡಿಎಂಎಸ್‌ಒ ಇರುವ ಬಫರನ್ನು ಬ್ಲ್ಯಾಂಕ್ ಇಟ್ಟು 280 ನ್ಯಾನೊಮೀಟರಿನಲ್ಲಿ 1 ಸೆಂಟಿಮೀಟರ್ ಕ್ಯುವೆಟ್‌ನಲ್ಲಿ ಓದಿ. ರೀಡಿಂಗ್ 0.46 ಬಂತೆನ್ನಿ. ಟ್ರಿಪ್ಟೊಫ್ಯಾನ್ ಬೆಳಕು ಹೀರುವ ಗುಣಾಂಕ 5500ರಿಂದ ಭಾಗಿಸಿ 50ರಿಂದ ಗುಣಿಸಿದರೆ ಸ್ಟಾಕ್ ಸುಮಾರು 4.2 ಮಿಲಿಮೋಲಾರ್, ಅಂದರೆ ಕಾಗದದ ಲೆಕ್ಕದ ಮುಕ್ಕಾಲು ಪಾಲು. ಟ್ರಿಪ್ಟೊಫ್ಯಾನ್, ಟೈರೊಸಿನ್ ಎರಡೂ ಇಲ್ಲದ ಪೆಪ್ಟೈಡ್ ಆದರೆ ಅಮೈನೊ ಆಮ್ಲ ವಿಶ್ಲೇಷಣೆ ಮಾಡಿಸಲೇಬೇಕು.

ಇನ್ನೊಂದು ಮಾತು. ಫ್ರೀಜರಿನಿಂದ ತೆಗೆದ ವೈಯಲನ್ನು ತಣ್ಣಗಿರುವಾಗಲೇ ತೆರೆಯಬೇಡಿ. ಮಂಗಳೂರಿನ ಮಳೆಗಾಲದ ಗಾಳಿಯಲ್ಲಿ ಪುಡಿ ಕಣ್ಣೆದುರೇ ನೀರು ಹೀರಿ ಅಂಟಂಟಾಗುತ್ತದೆ. ಕೋಣೆಯ ಬಿಸಿಗೆ ಬರುವವರೆಗೆ ಕಾದು, ಆಮೇಲೆ ಮುಚ್ಚಳ ತೆಗೆಯಿರಿ.

ಪ್ರಶ್ನೆ: ಟ್ರೇಸರ್ ಎಷ್ಟು, ಪ್ರೋಟೀನ್ ಎಷ್ಟು ಹಾಕಬೇಕು? ಪ್ಲೇಟಿನಲ್ಲಿ ಯಾವುದನ್ನು ಮೊದಲು ಸುರಿಯಬೇಕು? (ಎಂ.ಎಸ್ಸಿ. ವಿದ್ಯಾರ್ಥಿ, ಧಾರವಾಡ)

ಉತ್ತರ: ಪೈಪೋಟಿಗೆ ಮುಂಚೆ ಒಂದು ದಿನ ಟ್ರೇಸರ್ ಮತ್ತು ಪ್ರೋಟೀನ್ ಎರಡರದೇ ಪ್ರಯೋಗ ಮಾಡಿ. ಟ್ರೇಸರ್ 5 ನ್ಯಾನೊಮೋಲಾರ್‌ಗೆ ನಿಲ್ಲಿಸಿ, ಪ್ರೋಟೀನನ್ನು ಸೊನ್ನೆಯಿಂದ ಕೆಲವು ಮೈಕ್ರೊಮೋಲಾರ್‌ವರೆಗೆ ಏರಿಸಿ. ಆ ಗೆರೆಯಿಂದ ಕೆಡಿ, ಅಂದರೆ ಟ್ರೇಸರಿನ ಅರ್ಧ ಪಾಲು ಕೂರಲು ಬೇಕಾದ ಬಿಡಿ ಪ್ರೋಟೀನಿನ ಪ್ರಮಾಣ, ಸಿಗುತ್ತದೆ. ಅದು 100 ನ್ಯಾನೊಮೋಲಾರ್ ಎಂದಿಟ್ಟುಕೊಳ್ಳೋಣ. ಪೈಪೋಟಿಗೆ ಟ್ರೇಸರಿನ 50ರಿಂದ 80% ಕೂತಿರುವಷ್ಟು ಪ್ರೋಟೀನ್ ಸಾಕು. 150 ನ್ಯಾನೊಮೋಲಾರ್ ಹಾಕಿದರೆ ಸುಮಾರು 60% ಕೂರುತ್ತದೆ. ಇಳಿತ ಚೆನ್ನಾಗಿ ಕಾಣಲಿ ಎಂದು ಪ್ರೋಟೀನ್ ಸುರಿದರೆ ಬಲವಾದ ಪೆಪ್ಟೈಡ್‌ಗಳೆಲ್ಲ ಒಂದೇ ಥರ ಕಾಣುತ್ತವೆ. ಕಾರಣ ಮುಂದಿನ ಉತ್ತರದಲ್ಲಿದೆ.

ಪೆಪ್ಟೈಡ್ ಅಂಟದ ಕಪ್ಪು 384 ವೆಲ್ ಪ್ಲೇಟ್ ಬಳಸಿ, ಒಂದು ವೆಲ್‌ಗೆ 20 ಮೈಕ್ರೊಲೀಟರ್. ಬಫರ್ ಪಿಎಚ್ 7.4ಕ್ಕಿಂತ ಕೆಳಗಿಳಿಯದಿರಲಿ, ಹುಳಿಯಾದರೆ ಫ್ಲೋರೆಸೀನ್ ಮಂಕಾಗುತ್ತದೆ. 0.01% ಟ್ವೀನ್-20 ಡಿಟರ್ಜೆಂಟ್ ಮತ್ತು ಪ್ರೋಟೀನ್ ಆಕ್ಸಿಡೀಕರಣ ತಡೆಯಲು 1 ಮಿಲಿಮೋಲಾರ್ ಡಿಟಿಟಿ ಸೇರಿಸಿ. ಪೈಪೋಟಿಯ ಪೆಪ್ಟೈಡನ್ನು ಅಪ್ಪಟ ಡಿಎಂಎಸ್‌ಒದಲ್ಲೇ ಮೂರು ಪಟ್ಟಿನಂತೆ 12 ಹಂತ ತೆಳುಮಾಡಿ, ಪ್ರತಿ ಹಂತಕ್ಕೂ ಹೊಸ ಟಿಪ್ ಹಾಕಿ. ಆಮೇಲಷ್ಟೇ ಪ್ರತಿ ಹಂತವನ್ನೂ ಬಫರಿನಲ್ಲಿ 25 ಪಟ್ಟು ತೆಳುಮಾಡಿ. ಬಫರಿನಲ್ಲೇ ಹಂತ ಹಂತವಾಗಿ ಇಳಿಸುತ್ತ ಹೋದರೆ ಪೆಪ್ಟೈಡ್ ಟ್ಯೂಬಿನ ಗೋಡೆಗೆ, ಟಿಪ್ಪಿಗೆ ಅಂಟಿ ಕೊನೆಯ ಹಂತಗಳಲ್ಲಿ ಇರಬೇಕಾದಷ್ಟು ಇರುವುದಿಲ್ಲ. ವೆಲ್‌ಗೆ ಮೊದಲು ಎರಡು ಪಟ್ಟು ಗಟ್ಟಿಯ ಪ್ರೋಟೀನ್ 10 ಮೈಕ್ರೊಲೀಟರ್, ಪೆಪ್ಟೈಡ್ 5, ಹದಿನೈದು ನಿಮಿಷ ಬಿಟ್ಟು ನಾಲ್ಕು ಪಟ್ಟು ಗಟ್ಟಿಯ ಟ್ರೇಸರ್ 5. ಹೀಗೆ ಎಲ್ಲ ವೆಲ್‌ಗಳಲ್ಲೂ ಡಿಎಂಎಸ್‌ಒ 1% ಆಗುತ್ತದೆ. ಪೆಪ್ಟೈಡ್ ಇಲ್ಲದ ಕಂಟ್ರೋಲ್ ವೆಲ್‌ಗಳಿಗೂ ಅಷ್ಟೇ ಡಿಎಂಎಸ್‌ಒ ಹಾಕಲು ಮರೆಯಬೇಡಿ. 30, 60, 120 ನಿಮಿಷಕ್ಕೆ ಓದಿ. ಐಸಿ50 ಇನ್ನೂ ಜರುಗುತ್ತಿದ್ದರೆ ಸಮತೋಲಕ್ಕೆ ಬಂದಿಲ್ಲ ಎಂದೇ ಅರ್ಥ.

ಪ್ರಶ್ನೆ: ಇದೇ ಪ್ರಮಾಣಗಳಲ್ಲಿ ನಮಗೆ ಐಸಿ50 300 ನ್ಯಾನೊಮೋಲಾರ್ ಬಂತು. ಐಸಿ50ಯಿಂದ ಕೆಐ (ಪೆಪ್ಟೈಡ್ ಎಷ್ಟು ಬಿಗಿಯಾಗಿ ಕೂರುತ್ತದೆ ಎನ್ನುವ ಅಳತೆ, ಕಡಿಮೆಯಾದಷ್ಟೂ ಬಿಗಿ) ಕೊಡುವ ಚೆಂಗ್-ಪ್ರುಸಾಫ್ ಸೂತ್ರ ಹಾಕಿದರೆ 286. ಗೈಡ್ ಇದನ್ನು ಒಪ್ಪುತ್ತಿಲ್ಲ. (ಪಿಎಚ್.ಡಿ. ವಿದ್ಯಾರ್ಥಿ, ಬೆಂಗಳೂರು)

ಉತ್ತರ: ನಿಮ್ಮ ಗೈಡ್ ಹೇಳುವುದೇ ಸರಿ. 1973ರ ಆ ಸೂತ್ರದ ಹಿಂದೆ ಒಂದು ಷರತ್ತಿದೆ: ಟ್ರೇಸರ್ ಆಗಲಿ ಪೆಪ್ಟೈಡ್ ಆಗಲಿ ಪ್ರೋಟೀನಿಗೆ ಕೂತದ್ದು ಅಲ್ಪ, ಹಾಕಿದ್ದೆಲ್ಲ ಹೆಚ್ಚುಕಡಿಮೆ ಬಿಡಿಯಾಗಿಯೇ ಇದೆ. ಎಫ್‌ಪಿಯಲ್ಲಿ ಪರಿಸ್ಥಿತಿ ತದ್ವಿರುದ್ಧ. ಟ್ರೇಸರ್ 5 ಆದರೆ ಪ್ರೋಟೀನ್ 150. ನಿಮ್ಮ ಪೆಪ್ಟೈಡ್ ಟ್ರೇಸರನ್ನು ಎಬ್ಬಿಸುವ ಮುಂಚೆ ಖಾಲಿ ಕೂತ ಪ್ರೋಟೀನನ್ನೇ ತುಂಬಬೇಕು.

ಲೆಕ್ಕ ಹಾಕಿ ನೋಡಿ. ಪೈಪೋಟಿ ಇಲ್ಲದಾಗ ಟ್ರೇಸರಿನ 3 ನ್ಯಾನೊಮೋಲಾರ್ ಕೂತಿರುತ್ತದೆ, ಬಿಡಿ ಪ್ರೋಟೀನ್ 147. ಅರ್ಧಕ್ಕೆ ಇಳಿದಾಗ ಕೂತ ಟ್ರೇಸರ್ 1.5, ಬಿಡಿ ಟ್ರೇಸರ್ 3.5, ಬಿಡಿ ಪ್ರೋಟೀನ್ ಸುಮಾರು 42. ಮಿಕ್ಕ 106 ನ್ಯಾನೊಮೋಲಾರ್ ಪ್ರೋಟೀನಿನ ಮೇಲೆ ನಿಮ್ಮ ಪೆಪ್ಟೈಡ್ ಕೂತಿದೆ. ಅಂದರೆ 300ರಲ್ಲಿ 106 ಖರ್ಚಾಗಿ ಬಿಡಿ ಉಳಿದದ್ದು 194. 2004ರಲ್ಲಿ ನಿಕೊಲೊವ್ಸ್ಕಾ-ಕೊಲೆಸ್ಕಾ ಮತ್ತು ಸಂಗಡಿಗರು ಎಫ್‌ಪಿಗೆಂದೇ ಕೊಟ್ಟ ಸೂತ್ರದಲ್ಲಿ ಈ ಬಿಡಿ ಪ್ರಮಾಣವನ್ನು (3.5/100 + 147/100 + 1)ರಿಂದ, ಅಂದರೆ ಸುಮಾರು 2.5ರಿಂದ ಭಾಗಿಸಬೇಕು. ಕೆಐ 78ರ ಆಸುಪಾಸು ಬರುತ್ತದೆ. 286 ಎಲ್ಲಿ, 78 ಎಲ್ಲಿ!

ಆ 106 ಇನ್ನೊಂದು ವಿಷಯವನ್ನೂ ಹೇಳುತ್ತದೆ. ಪೆಪ್ಟೈಡ್ ಎಷ್ಟೇ ಬಲವಾಗಿದ್ದರೂ ಈ ಪ್ಲೇಟಿನಲ್ಲಿ ಐಸಿ50 ಅದಕ್ಕಿಂತ ಕೆಳಗೆ ಹೋಗಲಾರದು. 110 ಬಂದರೆ ಅದು ಪೆಪ್ಟೈಡ್‌ನ ಅಳತೆಯಲ್ಲ, ನೀವು ಸುರಿದ ಪ್ರೋಟೀನಿನ ಅಳತೆ. ಆಗ ಇನ್ನಷ್ಟು ಬಿಗಿಯಾಗಿ ಕೂರುವ ಟ್ರೇಸರ್ ಹುಡುಕಿ ಪ್ರೋಟೀನ್ ತಗ್ಗಿಸಬೇಕು. ಬರೀ ಐಸಿ50 ಅಚ್ಚು ಹಾಕುವವರು ಟ್ರೇಸರ್, ಪ್ರೋಟೀನ್, ಕೆಡಿ ಮೂರನ್ನೂ ಪಕ್ಕದಲ್ಲೇ ಕೊಡಬೇಕು. ಇಲ್ಲದಿದ್ದರೆ ಬೇರೆ ಲ್ಯಾಬಿನವರಿಗೆ ಅದರಿಂದ ಪ್ರಯೋಜನವಿಲ್ಲ.

ಪ್ರಶ್ನೆ: ಗೆರೆ ಕೆಲವು ಸಲ ತಳಕ್ಕೆ ಇಳಿಯುವುದಿಲ್ಲ, ಕೆಲವು ಸಲ ಬಂಡೆಯಂಚಿನಂತೆ ದಿಢೀರ್ ಬೀಳುತ್ತದೆ. (ಮೈಸೂರು)

ಉತ್ತರ: ಮೊದಲು ಧ್ರುವೀಕರಣವನ್ನು ಬಿಟ್ಟು ಒಟ್ಟು ಬೆಳಕಿನ ರೀಡಿಂಗ್ ನೋಡಿ. ಎಲ್ಲ ವೆಲ್‌ಗಳಲ್ಲೂ ಅದು ಹೆಚ್ಚುಕಡಿಮೆ ಒಂದೇ ಇರಬೇಕು. ಮೇಲಿನ ಹಂತಗಳಲ್ಲಿ ಏರಿದ್ದರೆ ಪೆಪ್ಟೈಡ್ ಸ್ಟಾಕೇ ಹೊಳೆಯುತ್ತಿದೆ ಅಥವಾ ಗಡ್ಡೆಕಟ್ಟಿ ಬೆಳಕು ಚೆದರಿಸುತ್ತಿದೆ. ದಿಢೀರ್ ಬೀಳುವ ಗೆರೆಗೂ ಎಷ್ಟೋ ಸಲ ಈ ಗಡ್ಡೆಯೇ ಕಾರಣ. ಡಿಟರ್ಜೆಂಟ್ ಸ್ವಲ್ಪ ಹೆಚ್ಚಿಸಿ, ಪ್ಲೇಟ್‌ಗೆ ಹಾಕುವ ಮುಂಚೆ ಸೆಂಟ್ರಿಫ್ಯೂಜ್ ಮಾಡಿ ನೋಡಿ. ತಳ ಮುಟ್ಟದಿದ್ದರೆ, ಟ್ರೇಸರಿನದೇ ಕ್ರಮದ ಬಣ್ಣವಿಲ್ಲದ ಪೆಪ್ಟೈಡ್ ಹಾಕಿ. ಅದೂ ಇಳಿಸದಿದ್ದರೆ ಟ್ರೇಸರ್ ಕುಳಿ ಬಿಟ್ಟು ಬೇರೆಲ್ಲೋ ಅಂಟುತ್ತಿದೆ. ಅದು ಇಳಿಸಿದರೆ, ನಿಮ್ಮ ಪೆಪ್ಟೈಡ್ ಪೂರ್ತಿ ಕರಗಿದೆಯೇ ಎಂದು ನೋಡಿ.

ಪ್ರಶ್ನೆ: ಅಮೈನೊ ಆಮ್ಲಗಳ ಕ್ರಮ ಕಲಸಿದ ಪೆಪ್ಟೈಡ್ ಒಂದೇ ಕಂಟ್ರೋಲ್ ಸಾಕೇ? (ಹೈದರಾಬಾದ್)

ಉತ್ತರ: ಸಾಲದು. ಟ್ರಿಪ್ಟೊಫ್ಯಾನ್ 23ರ ಜಾಗದಲ್ಲಿ ಅಲನೀನ್ ಇಟ್ಟ ಪೆಪ್ಟೈಡ್ ಕೂಡ ತರಿಸಿ. ಆದರೆ ಟ್ರಿಪ್ಟೊಫ್ಯಾನ್ ಹೋದ ಮೇಲೆ ಅದರ ಸ್ಟಾಕನ್ನು 280ರಲ್ಲಿ ಅಳೆಯಲಾಗದು, ಅಮೈನೊ ಆಮ್ಲ ವಿಶ್ಲೇಷಣೆಗೆ ಈಗಲೇ ಒಂದಿಷ್ಟು ತೆಗೆದಿಡಿ.